ಮರ್ಫಿ ಪಾರ್ಕಿನಲ್ಲಿ ಅಪ್ಪ ಕೇಳಿದ ಪ್ರಶ್ನೆ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬರುವ ನಮ್ಮ ಕಡೆಯ ಅಪ್ಪ ಅಮ್ಮಂದಿರು ಒಂದು ವಾರ ಕಳೆಯುವಷ್ಟರಲ್ಲಿ ತಮಗೊಂದು ಪಾರ್ಕು ಹುಡುಕಿಕೊಂಡುಬಿಡುತ್ತಾರೆ. ಮಗ, ಸೊಸೆ, ಮಗಳು, ಅಳಿಯ ಎಲ್ಲರೂ ಲ್ಯಾಪ್‌ಟಾಪ್ ಮುಂದೆ ಕೂತ ಮೇಲೆ ಇವರು ಪಂಚೆಯನ್ನೋ ಸೀರೆಯನ್ನೋ ಉಟ್ಟು, ಕಾಲಿಗೆ ಮಕ್ಕಳು ಕೊಡಿಸಿದ ಬಿಳಿ ಶೂ, ತಲೆಗೊಂದು ಉಲ್ಲನ್ ಟೋಪಿ ಏರಿಸಿ ಹೊರಡುತ್ತಾರೆ. ಪಾರ್ಕಿನ ಬೆಂಚಿನ ಮೇಲೆ ಕನ್ನಡ, ತೆಲುಗು, ತಮಿಳು, ಗುಜರಾತಿ ಎಲ್ಲ ಒಟ್ಟಿಗೆ ಕೂರುತ್ತವೆ. ಮಂಡಿನೋವು, ಮೊಮ್ಮಕ್ಕಳು, ಊರಿನ ಮಳೆ, ವೀಸಾದ ಆರು ತಿಂಗಳಲ್ಲಿ ಎಷ್ಟು ಉಳಿಯಿತು ಎಂಬ ಲೆಕ್ಕ, ಇವಿಷ್ಟಕ್ಕೆ ಭಾಷೆ ಅಡ್ಡಬರುವುದಿಲ್ಲ.

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ನಮ್ಮಪ್ಪನಿಗೆ ಸಿಕ್ಕಿದ್ದು ರೈಲು ಹಳಿಯ ಉತ್ತರಕ್ಕಿರುವ ಒಂದು ಪಾರ್ಕು. ಅಂಥ ದೊಡ್ಡದೇನಲ್ಲ. ಹುಲ್ಲುಹಾಸು, ಮಕ್ಕಳ ಜಾರುಬಂಡೆ, ಊಟದ ಮೇಜುಗಳು, ವಯಸ್ಸಾದವರು ಚೆಂಡು ಉರುಳಿಸಿ ಆಡುವ ನುಣ್ಣನೆಯ ಅಂಗಳ. ಮೊದಲ ದಿನವೇ ಅಪ್ಪ ಫಲಕದ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದರು: ಮಾರ್ಟಿನ್ ಮರ್ಫಿ ಜೂನಿಯರ್ ಹಿಸ್ಟಾರಿಕಲ್ ಪಾರ್ಕ್. ಓದಿ ಮುಗಿಸಿ ನನ್ನ ಕಡೆ ತಿರುಗಿದರು.

"ಮರ್ಫಿ ಅಂದ್ರೆ ಆ ರೇಡಿಯೋದೋನಲ್ವೇನವ್ವಾ? ತುಟಿ ಮೇಲೆ ಬೆರಳಿಟ್ಕೊಂಡಿರೋ ಮಗು ಚಿತ್ರ ಇರ್ತಿತ್ತಲ್ಲ?"

ನಗು ಬಂತು. "ಅಲ್ಲಪ್ಪಾ, ಇವನು ರೈತ. ಈ ಊರಿನ ಮೊದಲನೇ ರೈತ ಅಂತಾರೆ. ಈ ಪಾರ್ಕು, ಪೇಟೆ, ನಮ್ಮ ಮನೆ ಇರೋ ಜಾಗ, ಎಲ್ಲಾ ಅವನ ಹೊಲವೇ ಆಗಿತ್ತಂತೆ."

ಅಪ್ಪ ಹುಲ್ಲಿನ ಕಡೆ ಒಮ್ಮೆ ನೋಡಿದರು. "ಮೊದಲ್ನೇ ರೈತ ಸರಿ. ಅವನಿಗಿಂತ ಮುಂಚೆ ಪಹಣಿ ಯಾರ ಹೆಸರಲ್ಲಿತ್ತು?"

ಅಪ್ಪ ಹಾಗೆ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ತಾತ ಇನ್ನೊಬ್ಬರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದಾಗ ಏಳನೇ ನಂಬರಿನ ಫಾರಂ ತುಂಬಿ, ನ್ಯಾಯಮಂಡಳಿಯ ಮುಂದೆ ಕೈಮುಗಿದು ನಿಂತು, ಎರಡು ಎಕರೆ ಮೂರು ಗುಂಟೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡವರು. ನೆಲ ಕಂಡರೆ ಅದು ಯಾರ ಹೆಸರಿನಲ್ಲಿದೆ ಎಂದು ಕೇಳುವುದು ನಮ್ಮ ಮನೆಯವರ ರಕ್ತದಲ್ಲೇ ಇದೆ. ನಾನು ಮಾತ್ರ ಆ ಪಾರ್ಕಿನ ಪಕ್ಕದಲ್ಲಿ ಎಷ್ಟೋ ವರ್ಷ ಓಡಾಡಿಯೂ ಕೇಳಿರಲಿಲ್ಲ. ಅಪ್ಪನಿಗೆ ಉತ್ತರ ಹೇಳಬೇಕೆಂದು ಓದಲು ಕೂತೆ. ಓದಿದ್ದರಲ್ಲಿ ಗಟ್ಟಿಯಾಗಿ ನಿಲ್ಲುವುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಮಾರ್ಟಿನ್ ಮರ್ಫಿ ಹುಟ್ಟಿದ್ದು 1807ರಲ್ಲಿ, ಐರ್ಲೆಂಡಿನ ವೆಕ್ಸ್‌ಫರ್ಡ್ ಕೌಂಟಿಯಲ್ಲಿ. ಆಗ ಐರ್ಲೆಂಡಿನ ನೆಲವೆಲ್ಲ ಹೆಚ್ಚುಕಡಿಮೆ ಪ್ರಾಟೆಸ್ಟಂಟ್ ಜಮೀನ್ದಾರರ ಕೈಯಲ್ಲಿತ್ತು. ಅದನ್ನು ಉಳುತ್ತಿದ್ದವರಲ್ಲಿ ಬಹುಪಾಲು ಕ್ಯಾಥೊಲಿಕ್ ಗೇಣಿದಾರರು. ಕ್ಯಾಥೊಲಿಕರು ನೆಲ ಕೊಳ್ಳುವುದನ್ನು, ಮಕ್ಕಳಿಗೆ ಬಿಟ್ಟುಹೋಗುವುದನ್ನು ಕಟ್ಟಿಹಾಕಿದ್ದ ಕಾನೂನುಗಳು ಸಡಿಲಗೊಂಡು ಬಹಳ ಕಾಲವಾಗಿರಲಿಲ್ಲ. ಇವನ ತಂದೆಯ ಹೆಸರೂ ಮಾರ್ಟಿನ್ ಮರ್ಫಿಯೇ. ಆತ 1820ರಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಫ್ರಾಂಪ್ಟನ್ ಎಂಬಲ್ಲಿಗೆ ಹೋಗಿ ಕಾಡು ಕಡಿದು ಹೊಲ ಮಾಡಿದ. ಊರಿನಲ್ಲೇ ಉಳಿದಿದ್ದ ಮಗ 1828ರಲ್ಲಿ ಅಲ್ಲಿಗೆ ಹೋಗಿ ಸೇರಿಕೊಂಡ. 1831ರ ಜುಲೈನಲ್ಲಿ ಮೇರಿ ಬೋಲ್ಜರ್ ಎಂಬಾಕೆಯನ್ನು ಮದುವೆಯಾದ.

ಅಲ್ಲೂ ಕುಟುಂಬ ನೆಲೆ ನಿಲ್ಲಲಿಲ್ಲ. 1840ರ ಸುಮಾರಿಗೆ ಹಿರಿಯ ಮರ್ಫಿ ಅಮೆರಿಕದ ಮಿಸೌರಿಗೆ ಹೊರಟ. ಮಗನ ಸಂಸಾರವೂ ಹಿಂದೆಯೇ ಬಂತು. ಮಿಸೌರಿ ನದಿಯ ಬಯಲಿನ ಮಣ್ಣು ಚೆನ್ನಾಗಿತ್ತು, ಆದರೆ ಮಲೇರಿಯಾ ಕಾಡಿತು. ಹಿರಿಯನ ಹೆಂಡತಿ ಆ ಜ್ವರಕ್ಕೇ ಬಲಿಯಾದಳು. ಆಗ ಅವರ ಕಿವಿಗೆ ಬಿದ್ದದ್ದು ಪಶ್ಚಿಮದ ಕ್ಯಾಲಿಫೋರ್ನಿಯಾದ ಸುದ್ದಿ. ಅದಿನ್ನೂ ಅಮೆರಿಕವಾಗಿರಲಿಲ್ಲ, ಮೆಕ್ಸಿಕೊದ ಪ್ರಾಂತ್ಯ. ಒಳ್ಳೆಯ ಹವೆ, ಬೇಕಾದಷ್ಟು ನೆಲ, ಎಲ್ಲಕ್ಕಿಂತ ಮಿಗಿಲಾಗಿ ತಮ್ಮದೇ ಕ್ಯಾಥೊಲಿಕ್ ಧರ್ಮದ ನಾಡು.

1844ರ ಮೇ ತಿಂಗಳಲ್ಲಿ ಸುಮಾರು ಐವತ್ತು ಜನರ ತಂಡ ಎತ್ತಿನ ಗಾಡಿಗಳಲ್ಲಿ ಹೊರಟಿತು. ಅವರಲ್ಲಿ ಅರ್ಧದಷ್ಟು ಜನ ಮರ್ಫಿಗಳು, ಅವರ ನಂಟರು. ತಂಡದ ನಾಯಕ ಎಲೈಶಾ ಸ್ಟೀಫೆನ್ಸ್, ಹೆಚ್ಚು ಮಾತಾಡದ, ಮೊದಲು ಕಮ್ಮಾರಿಕೆ, ಬೇಟೆ ಮಾಡಿಕೊಂಡಿದ್ದ ಮನುಷ್ಯ. ಚರಿತ್ರೆಯಲ್ಲಿ ಈ ತಂಡಕ್ಕೆ ಸ್ಟೀಫೆನ್ಸ್–ಟೌನ್‌ಸೆಂಡ್–ಮರ್ಫಿ ತಂಡ ಎಂದೇ ಹೆಸರು. ನೆವಾಡಾದ ಮರಳುಗಾಡಿನ ಅಂಚಿನಲ್ಲಿ ದಿಕ್ಕು ತೋಚದೆ ನಿಂತಾಗ ಪಾಯೂಟ್ ಬುಡಕಟ್ಟಿನ ಹಿರಿಯನೊಬ್ಬ ಪಶ್ಚಿಮಕ್ಕೆ ಒಂದು ನದಿಯಿದೆ, ಅದನ್ನು ಹಿಡಿದು ಹೋಗಿ ಎಂದು ಕೈಸನ್ನೆಯಲ್ಲೂ ಮಣ್ಣಿನ ಮೇಲೆ ಗೆರೆ ಎಳೆದೂ ತೋರಿಸಿದ. ಅವನನ್ನು ಇವರು ಟ್ರಕ್ಕಿ ಎಂದು ಕರೆದರು. ನದಿಗೂ ಅದೇ ಹೆಸರಿಟ್ಟರು. ಇವತ್ತು ಸ್ಯಾನ್‌ಫ್ರಾನ್ಸಿಸ್ಕೊ ಕಡೆಯಿಂದ ಹಿಮ ನೋಡಲು ಟಾಹೊ ಸರೋವರಕ್ಕೆ ಹೋಗುವ ನಮ್ಮವರಲ್ಲಿ ಅನೇಕರು ಟ್ರಕ್ಕಿ ಎಂಬ ಊರನ್ನು ದಾಟಿ ಹೋಗುತ್ತಾರೆ.

ಸಿಯೆರಾ ನೆವಾಡಾ ಬೆಟ್ಟಸಾಲಿನ ಬುಡ ಮುಟ್ಟುವಷ್ಟರಲ್ಲಿ ನವೆಂಬರ್ ಬಂದು ಹಿಮ ಬೀಳತೊಡಗಿತ್ತು. ಕೆಲವು ಗಾಡಿಗಳನ್ನು ಸರೋವರದ ಬಳಿಯೇ ಬಿಟ್ಟರು. ಉಳಿದವನ್ನು ಹತ್ತಿಸುವಾಗ ಎದುರಿಗೆ ನೆಟ್ಟಗೆ ನಿಂತ ಬಂಡೆ. ಸಾಮಾನನ್ನೆಲ್ಲ ಹೊತ್ತು ಸಾಗಿಸಿ, ಬಂಡೆಯ ಸೀಳಿನಲ್ಲಿ ಎತ್ತುಗಳನ್ನು ಒಂದೊಂದಾಗಿ ಮೇಲಕ್ಕೆ ಹತ್ತಿಸಿ, ಮೇಲಿನಿಂದ ಸರಪಳಿ ಬಿಟ್ಟು, ಕೆಳಗಿನಿಂದ ಜನ ಭುಜ ಕೊಟ್ಟು, ಗಾಡಿಗಳನ್ನು ಒಂದೊಂದಾಗಿ ಎಳೆದುಕೊಂಡರು. ಸಿಯೆರಾ ಬೆಟ್ಟಗಳನ್ನು ಗಾಡಿ ಸಮೇತ ದಾಟಿದ ಮೊದಲ ವಲಸೆಗಾರರು ಇವರೇ. ಬಿಟ್ಟ ಗಾಡಿಗಳನ್ನು ಕಾಯಲು ಹದಿನೇಳರ ಹುಡುಗ ಮೋಸೆಸ್ ಶಾಲೆನ್‌ಬರ್ಗರ್ ಗುಡಿಸಲೊಂದರಲ್ಲಿ ಉಳಿದ. ನರಿಗಳನ್ನು ಬೋನಿನಲ್ಲಿ ಹಿಡಿದು ತಿಂದು ಆ ಚಳಿಗಾಲವನ್ನು ಬಹುಪಾಲು ಒಂಟಿಯಾಗಿಯೇ ಕಳೆದ. ಎರಡು ವರ್ಷದ ಮೇಲೆ ಅದೇ ಗುಡಿಸಲಿಗೆ ಬಂದು ಸಿಕ್ಕಿಬಿದ್ದವರು ಡಾನರ್ ತಂಡದ ಜನ; ಅವರಲ್ಲಿ ಅನೇಕರು ಹಸಿವಿನಿಂದ ಸತ್ತ ಕಥೆ ಎಲ್ಲರಿಗೂ ಗೊತ್ತು. ಯಾರೂ ಸಾಯದ ಮೊದಲಿನ ತಂಡದ ಕಥೆ ಅಷ್ಟು ಮಂದಿಗೆ ಗೊತ್ತಿಲ್ಲ. ಆ ಕಣಿವೆಗೂ ಡಾನರ್ ಹೆಸರೇ ನಿಂತಿತು.

ಸಾಯಲಿಲ್ಲ ಮಾತ್ರವಲ್ಲ, ತಂಡ ಬೆಳೆಯಿತು. ಬೆಟ್ಟದ ಆಚೆ ಯೂಬಾ ನದಿಯ ದಂಡೆಯಲ್ಲಿ, ಹಿಮದ ನಡುವಿನ ಬೀಡಿನಲ್ಲಿ, ಮೇರಿ ಮರ್ಫಿ ಒಂದು ಹೆಣ್ಣುಮಗುವನ್ನು ಹೆತ್ತಳು. ಮಗುವಿಗೆ ಎಲಿಜಬೆತ್ ಯೂಬಾ ಎಂದು ಹೆಸರಿಟ್ಟರು. ಗಂಡಸರು ಮುಂದೆ ಹೋಗಿ ಅಲ್ಲಿನ ಒಳಜಗಳದ ಯುದ್ಧದಲ್ಲಿ ಸಿಲುಕಿದ್ದರು. ಬಾಣಂತಿ ಮೇರಿಯೂ ಉಳಿದ ಹೆಂಗಸರು ಮಕ್ಕಳೂ ತಿಂಗಳುಗಟ್ಟಲೆ ಅಲ್ಲೇ ಕಾದರು. ಇದನ್ನು ಓದಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಬಾಣಂತಿಗೆ ಬಿಸಿನೀರಾದ್ರೂ ಇತ್ತಾ?"

ಮಾರ್ಟಿನ್ ಮರ್ಫಿ ಮೊದಲು ಸ್ಯಾಕ್ರಮೆಂಟೊ ಬಳಿ ಕೊಸಮ್ನೆಸ್ ನದಿಯ ದಡದಲ್ಲಿ ದನ ಸಾಕಿ ಗೋಧಿ ಬೆಳೆದ. 1848ರಲ್ಲಿ ಚಿನ್ನ ಸಿಕ್ಕಿತು. ಜಗತ್ತೆಲ್ಲ ಸಲಿಕೆ ಹಿಡಿದು ಹೊಳೆಗೆ ಇಳಿದಾಗ ಈತ ಹೊಲ ಬಿಡಲಿಲ್ಲ. ಚಿನ್ನ ಅಗೆಯುವವರಿಗೆ ಮಾಂಸ, ಧಾನ್ಯ ಮಾರಿದ. ಆ ಹಣ ಹಿಡಿದು 1850ರಲ್ಲಿ ದಕ್ಷಿಣಕ್ಕೆ, ಸಾಂತಾ ಕ್ಲಾರಾ ಕಣಿವೆಗೆ ಬಂದು, ಸುಮಾರು 4,800 ಎಕರೆ ನೆಲ ಕೊಂಡ. ಆ ನೆಲದ ಹೆಸರು ರಾಂಚೊ ಪಾಸ್ತೋರಿಯಾ ದೆ ಲಾಸ್ ಬೊರೆಗಾಸ್. ಸ್ಪ್ಯಾನಿಷ್ ಭಾಷೆಯಲ್ಲಿ ಕುರಿಮರಿಗಳ ಹುಲ್ಲುಗಾವಲು ಎಂದರ್ಥ.

ಮನೆಯೂ ವಿಶೇಷದ್ದೇ. ಇಲ್ಲಿ ಮರ ಕೊಯ್ಯುವ ಕಾರ್ಖಾನೆಗಳು ಇನ್ನೂ ಬಾರದ ಕಾಲವದು. ಅಮೆರಿಕದ ಪೂರ್ವ ತುದಿಯ ಮೇಯ್ನ್ ರಾಜ್ಯದಲ್ಲಿ ಅಳತೆ ಕೊಟ್ಟು ಮನೆಯ ತುಂಡುಗಳನ್ನು ಮಾಡಿಸಿ, ಅವನ್ನು ಹಡಗಿನಲ್ಲಿ ದಕ್ಷಿಣ ಅಮೆರಿಕದ ಕೇಪ್ ಹಾರ್ನ್ ಸುತ್ತಿಸಿ ತರಿಸಿ, ಮರದ ಗೂಟ ಬಡಿದು, ತೊಗಲಿನ ಪಟ್ಟಿಯಲ್ಲಿ ಬಿಗಿದು ನಿಲ್ಲಿಸಿದ. ಬೇ ವ್ಯೂ ಎಂದು ಹೆಸರಿಟ್ಟ. ಗೋಧಿ, ದನ, ಕುದುರೆ, ಆಮೇಲೆ ಹಣ್ಣಿನ ಗಿಡ. 1864ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ–ಸ್ಯಾನ್ ಹೋಸೆ ರೈಲು ಬಂದಾಗ ಹೊಲದ ನಡುವೆ ಹಾದಿ ಬಿಟ್ಟುಕೊಟ್ಟ. ಬದಲಿಗೆ ಮನೆಯ ಹತ್ತಿರವೇ ರೈಲು ನಿಲ್ಲತೊಡಗಿತು. ಅದೇ ಮರ್ಫಿ ಸ್ಟೇಷನ್. ಇವತ್ತು ಕ್ಯಾಲ್‌ಟ್ರೇನ್ ಹತ್ತಿ ಕೆಲಸಕ್ಕೆ ಹೋಗುವವರು ಹೋಗುವುದು ಅದೇ ಹಾದಿಯಲ್ಲಿ.

1881ರ ಜುಲೈ 18ರಂದು ಮಾರ್ಟಿನ್ ಮತ್ತು ಮೇರಿಯ ಮದುವೆಗೆ ಐವತ್ತು ವರ್ಷ ತುಂಬಿತು. ಇಂಥವರಿಗೆ ಮಾತ್ರ ಎಂದು ಕರೆಯೋಲೆ ಕಳಿಸುವ ಬದಲು, ಬರುವವರೆಲ್ಲ ಬರಲಿ ಎಂದು ಊರಿಗೇ ಹೇಳಿಸಿದರು. ಓಕ್ ಮರಗಳ ನೆರಳಿನಲ್ಲಿ ಸಾವಿರಾರು ಜನ ಉಂಡರು. ಹತ್ತು ಸಾವಿರ ಎಂದು ಹೇಳುವವರೂ ಇದ್ದಾರೆ. ಅಂದು ಕೋರ್ಟು ಕಚೇರಿಗಳೂ ಬಾಗಿಲು ಹಾಕಿದ್ದವಂತೆ. ವೆಕ್ಸ್‌ಫರ್ಡಿನ ಹುಡುಗ ಆ ಹೊತ್ತಿಗೆ ಸ್ಯಾನ್ ಲೂಯಿಸ್ ಒಬಿಸ್ಪೊ, ಸಾಂತಾ ಬಾರ್ಬರಾ ಕಡೆಗೂ ಜಮೀನು ಮಾಡಿದ್ದ ದೊಡ್ಡ ಹಿಡುವಳಿದಾರ. ಜಮೀನ್ದಾರರ ದೇಶ ಬಿಟ್ಟು ಬಂದವನು ತಾನೇ ಜಮೀನ್ದಾರನಾಗಿದ್ದ. 1884ರಲ್ಲಿ ತೀರಿಕೊಂಡ.

ಅಪ್ಪನಿಗೆ ಇಷ್ಟು ಹೇಳಿದಾಗ ಅವರು ಮೆಚ್ಚಿಕೊಂಡೇ ಕೇಳಿದರು. ಗಾಡಿ ಹತ್ತಿಸಿದ್ದು, ಚಿನ್ನಕ್ಕೆ ಮರುಳಾಗದೆ ಗೋಧಿ ಬೆಳೆದದ್ದು ಅವರ ಮನಸ್ಸಿಗೆ ಹಿಡಿಸಿತು. "ಗಟ್ಟಿ ಆಸಾಮಿ ಬಿಡು" ಅಂದರು. ಆಮೇಲೆ ಮತ್ತೆ ಅದೇ ಜಾಗಕ್ಕೆ ಬಂದರು. "ಕೊಂಡ ಅಂದೆಯಲ್ಲ, ಯಾರಿಂದ ಕೊಂಡ?"

ಕೊಂಡದ್ದು ಮಾರಿಯಾನೊ ಕಾಸ್ತ್ರೊ ಎಂಬ ಮೆಕ್ಸಿಕನ್ ಹಿಡುವಳಿದಾರನಿಂದ. ಕಾಸ್ತ್ರೊ ಕುಟುಂಬಕ್ಕಿಂತ ಮುಂಚೆ, 1842ರಲ್ಲಿ, ಮೆಕ್ಸಿಕನ್ ಗವರ್ನರ್ ಅದನ್ನು ಫ್ರಾನ್ಸಿಸ್ಕೊ ಎಸ್ತ್ರಾದಾ ಎಂಬವನಿಗೆ ಕೊಟ್ಟಿದ್ದ. ಗವರ್ನರಿಗೆ ಅದು ಬಂದದ್ದು ಸಾಂತಾ ಕ್ಲಾರಾ ಮಿಷನ್ನಿನಿಂದ. 1777ರಲ್ಲಿ ಸ್ಪೇನಿನ ಪಾದ್ರಿಗಳು ಕಟ್ಟಿದ ಆ ಮಿಷನ್ನು ಸುತ್ತಲ ಹುಲ್ಲುಗಾವಲನ್ನೆಲ್ಲ ತನ್ನ ದನ ಕುರಿಗಳಿಗೆ ಹಿಡಿದುಕೊಂಡಿತ್ತು. 1830ರ ದಶಕದಲ್ಲಿ ಮೆಕ್ಸಿಕನ್ ಸರ್ಕಾರ ಮಿಷನ್ನುಗಳ ಆಸ್ತಿಯನ್ನು ಕಿತ್ತುಕೊಂಡು ಹಂಚಿತು. ಮಿಷನ್ನಿಗೆ ಮುಂಚೆ ಇದ್ದವರು ಒಲೋನಿ ಜನ. ಸಾವಿರಾರು ವರ್ಷದಿಂದ ಇಲ್ಲಿದ್ದವರು. ಓಕ್ ಮರದ ಕಾಯಿ ಕುಟ್ಟಿ, ನೀರಿನಲ್ಲಿ ತೊಳೆದು ಕಹಿ ತೆಗೆದು, ಗಂಜಿ ಕಾಯಿಸಿ ಉಣ್ಣುತ್ತಿದ್ದವರು. ಕೊಲ್ಲಿಯ ಅಂಚಿನಲ್ಲಿ ಚಿಪ್ಪು ಆರಿಸುತ್ತಿದ್ದವರು. ಹುಲ್ಲು ಚೆನ್ನಾಗಿ ಬರಲೆಂದು ಬಯಲಿಗೆ ಕಾಲಕಾಲಕ್ಕೆ ಹದವಾಗಿ ಬೆಂಕಿ ಕೊಡುತ್ತಿದ್ದವರು. ಹೊರಗಿನಿಂದ ಬಂದವರು ಹುಟ್ಟಾ ಹುಲ್ಲುಗಾವಲು ಎಂದುಕೊಂಡದ್ದು ಅವರ ಕೈ ಆಡಿದ ನೆಲವಾಗಿತ್ತು.

ಅವರಲ್ಲೊಬ್ಬನ ಹೆಸರು ದಾಖಲೆಯಲ್ಲಿ ಉಳಿದಿದೆ: ಲೋಪೆ ಇನೀಗೊ. ಚಿಕ್ಕವನಿದ್ದಾಗಲೇ ಸಾಂತಾ ಕ್ಲಾರಾ ಮಿಷನ್ನಿನಲ್ಲಿ ದೀಕ್ಷೆ ಕೊಟ್ಟರು. ಮಿಷನ್ನು ಮುರಿದ ಮೇಲೆ, 1844ರಲ್ಲಿ, ಆತನಿಗೆ ರಾಂಚೊ ಪೊಸೋಲ್ಮಿ ಎಂಬ ಸುಮಾರು 1,700 ಎಕರೆ ನೆಲ ಮೆಕ್ಸಿಕನ್ ಗವರ್ನರಿನಿಂದ ಸಿಕ್ಕಿತು. ಮರ್ಫಿಗಳು ಹಿಮದಲ್ಲಿ ಗಾಡಿ ಎಳೆಯುತ್ತಿದ್ದ ವರ್ಷವೇ ಅದು. ಸ್ಥಳೀಯ ಬುಡಕಟ್ಟಿನವನ ಹೆಸರಿಗೆ ನೆಲ ಆದದ್ದು ಬಹಳ ಅಪರೂಪ. ನಂತರ ಅಮೆರಿಕನ್ನರು ಬಂದರು. 1851ರ ಕಾಯ್ದೆಯ ಪ್ರಕಾರ ಮೆಕ್ಸಿಕನ್ ಕಾಲದ ಪ್ರತಿ ಹಿಡುವಳಿದಾರನೂ ತನ್ನ ಹಕ್ಕನ್ನು ಇಂಗ್ಲಿಷ್ ಮಾತಾಡುವ ಆಯೋಗದ ಮುಂದೆ ಹೊಸದಾಗಿ ಸಾಬೀತು ಮಾಡಬೇಕಿತ್ತು. ವರ್ಷಗಟ್ಟಲೆ ಕೇಸು, ವಕೀಲರ ಫೀಸು, ಅದಕ್ಕಾಗಿ ಸಾಲ, ಸಾಲಕ್ಕಾಗಿ ನೆಲ ಮಾರಾಟ. ಇನೀಗೊ 1864ರಲ್ಲಿ ಸಾಯುವ ಹೊತ್ತಿಗೆ ಅವನ ನೆಲದಲ್ಲಿ ಬಹುಪಾಲು ಬೇರೆಯವರ ಪಾಲಾಗಿತ್ತು.

ಅದೂ ಒಬ್ಬನ ಕಥೆಯಾಯಿತು. ಉಳಿದವರದ್ದು ಇನ್ನೂ ಕಷ್ಟದ್ದು. 1850ರಲ್ಲಿ ಹೊಸ ರಾಜ್ಯ ಮಾಡಿದ ಕಾಯ್ದೆಯೊಂದು, ಇಂಡಿಯನ್ನರ ರಕ್ಷಣೆ ಎಂಬ ಹೆಸರಿಟ್ಟುಕೊಂಡೇ, ಅವರನ್ನು ಅಲೆಮಾರಿಗಳೆಂದು ಹಿಡಿದು ಬಿಟ್ಟಿ ದುಡಿಮೆಗೆ ಹಚ್ಚಲು, ಅವರ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳಲು ದಾರಿ ಮಾಡಿತು. ಚಿನ್ನ ಸಿಗುವ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 1,50,000 ಮೂಲನಿವಾಸಿಗಳಿದ್ದರೆಂದು ಚರಿತ್ರೆಕಾರರ ಅಂದಾಜು. 1870ರ ಹೊತ್ತಿಗೆ ಉಳಿದವರು ಸುಮಾರು 30,000. ರೋಗ, ಹಸಿವು, ಕೊಲೆ ಮೂರೂ ಸೇರಿ ಮಾಡಿದ ಲೆಕ್ಕ ಇದು. 2019ರಲ್ಲಿ ರಾಜ್ಯದ ಗವರ್ನರ್ ಇದಕ್ಕಾಗಿ ಕ್ಷಮೆ ಕೇಳಿದರು. ಈ ಕೊಲ್ಲಿಯ ಸುತ್ತಲಿನ ಮುವೆಕ್ಮಾ ಒಲೋನಿ ಜನರಿಗೆ ಫೆಡರಲ್ ಸರ್ಕಾರದ ಮಾನ್ಯತೆ ಇನ್ನೂ ದೊರೆತಿಲ್ಲ.

ಮರ್ಫಿಯ ಹೆಸರೂ ಸಲೀಸಾಗಿ ಉಳಿದದ್ದಲ್ಲ. ಆತ ಸತ್ತ ಮೇಲೆ ಜಮೀನು ಮಕ್ಕಳಲ್ಲಿ ಹಂಚಿಹೋಯಿತು. 1890ರ ದಶಕದ ಕೊನೆಗೆ ಡಬ್ಲ್ಯೂ. ಇ. ಕ್ರಾಸ್‌ಮನ್ ಎಂಬ ನಿವೇಶನ ವ್ಯಾಪಾರಿ ಅವರಿಂದ 200 ಎಕರೆ ಕೊಂಡು ಸೈಟು ಮಾಡಿ ಮಾರಲು ಕೂತ. ಅಪ್ಪ ಇಲ್ಲಿ ತಲೆಯಾಡಿಸಿದರು. ನಮ್ಮೂರ ಸುತ್ತ ಕಲ್ಲು ನೆಟ್ಟು, ಕಮಾನು ಕಟ್ಟಿ, ಕಾರಿನಲ್ಲಿ ಕೂರಿಸಿಕೊಂಡು ಹೋಗಿ ತೋರಿಸುವವರ ಪರಿಚಯ ಅವರಿಗೆ ಚೆನ್ನಾಗಿಯೇ ಇದೆ. 1901ರಲ್ಲಿ ಊರಿಗೆ ಅಂಚೆ ಕಚೇರಿ ಬರುವಾಗ ಮರ್ಫಿ ಎಂಬ ಹೆಸರಿಗೆ ಒಪ್ಪಿಗೆ ಸಿಗಲಿಲ್ಲ. ಬಿಸಿಲಿನ ಕಣಿವೆ ಎಂಬರ್ಥದ ಸನ್ನಿವೇಲ್ ಬಂತು. 1912ರಲ್ಲಿ ಅದು ಪಟ್ಟಣವಾಯಿತು. ಮರ್ಫಿ ಪೇಟೆಬೀದಿಯ ಹೆಸರಾಗಿ ಉಳಿದ. ಇವತ್ತು ಮರ್ಫಿ ಅವೆನ್ಯೂ ಎಂದರೆ ಸಂಜೆ ಹೊತ್ತು ಊಟಕ್ಕೆ ಜಾಗ ಸಿಗದ ಹೋಟೆಲ್ ಬೀದಿ.

ಅವರ ತಂಡದ ನಾಯಕ ಸ್ಟೀಫೆನ್ಸನಿಗೆ ಅಷ್ಟೂ ದಕ್ಕಲಿಲ್ಲ. ಆತ ಈಗಿನ ಕುಪರ್ಟಿನೊದ ಹೊಳೆಯ ದಂಡೆಯಲ್ಲಿ ಕೆಲಕಾಲ ಕೃಷಿ ಮಾಡಿ, ಜನ ಹೆಚ್ಚಾದರೆಂದು ಬೇಸತ್ತು ದೂರದ ಕೆರ್ನ್ ಕೌಂಟಿಗೆ ಹೊರಟುಹೋದ. ಹೊಳೆಗೆ ಅವನ ಹೆಸರಿಟ್ಟರು, ಕಾಗುಣಿತ ತಪ್ಪಿಟ್ಟರು. ಸ್ಟೀಫೆನ್ಸ್ ಹೋಗಿ ಸ್ಟೀವೆನ್ಸ್ ಆಯಿತು. ಸ್ಟೀವೆನ್ಸ್ ಕ್ರೀಕ್ ರಸ್ತೆಯಲ್ಲಿ ದಿನವೂ ಕಾರು ಓಡಿಸುವ ಸಾವಿರಾರು ಕನ್ನಡಿಗರ ಬಾಯಲ್ಲಿ ಆ ತಪ್ಪು ಹೆಸರೇ ಇದೆ.

ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಈ ಕಣಿವೆ ಪೂರ್ತಿ ಹಣ್ಣಿನ ತೋಟವಾಯಿತು. ಏಪ್ರಿಕಾಟ್, ಚೆರ್ರಿ, ಪೇರ್, ಒಣಗಿಸುವ ಪ್ಲಮ್. ವಸಂತದಲ್ಲಿ ಬೆಟ್ಟದ ಮೇಲೆ ನಿಂತು ನೋಡಿದರೆ ಮೈಲಿಗಟ್ಟಲೆ ಬಿಳಿ ಹೂವು. ಹೃದಯಕ್ಕೆ ಹಿತವಾದ ಕಣಿವೆ ಎಂದೇ ಇದಕ್ಕೆ ಹೆಸರಿತ್ತು. 1907ರಲ್ಲಿ ಸನ್ನಿವೇಲ್‌ಗೆ ಬಂದ ಲಿಬ್ಬಿ ಕಂಪನಿಯ ಹಣ್ಣು ಡಬ್ಬಿ ತುಂಬುವ ಕಾರ್ಖಾನೆ 1980ರ ದಶಕದವರೆಗೂ ನಡೆಯಿತು. ಅದರ ನೀರಿನ ಟ್ಯಾಂಕಿಗೆ ಹಣ್ಣಿನ ಡಬ್ಬಿಯ ಚಿತ್ರ ಬಳಿದು ಈಗಲೂ ನಿಲ್ಲಿಸಿದ್ದಾರೆ, ಸುತ್ತ ಆಫೀಸುಗಳು. ತೋಟಕ್ಕೆ ನೀರು ಬಂದದ್ದು ಕೊಳವೆಬಾವಿಗಳಿಂದ. ಮೊದಲು ತಾನಾಗಿ ಚಿಮ್ಮುತ್ತಿದ್ದ ನೀರು ವರ್ಷವರ್ಷಕ್ಕೆ ಆಳಕ್ಕಿಳಿಯಿತು. ನೀರು ಹೋದಂತೆ ಮಣ್ಣೂ ಕುಸಿಯಿತು. 1910ರ ದಶಕದಿಂದ 1960ರ ದಶಕದವರೆಗೆ ಸ್ಯಾನ್ ಹೋಸೆ ಪೇಟೆಯ ನೆಲ ಸುಮಾರು 13 ಅಡಿ ಕೆಳಕ್ಕಿಳಿದಿದೆ. ಅದು ನಿಂತದ್ದು ಅಣೆಕಟ್ಟು ಕಟ್ಟಿ, ದೂರದಿಂದ ನೀರು ತಂದು, ನೆಲದೊಳಕ್ಕೆ ಇಂಗಿಸಿದ ಮೇಲೆ. ಕೊಳವೆಬಾವಿಯ ಮಾತು ಬಂದಾಗ ಅಪ್ಪ "ಎಷ್ಟು ಅಡಿಗೆ ಹೋಗಿದ್ರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನಮ್ಮೂರಲ್ಲಿ ಬರಿದೇ ಧೂಳು ಬಂದ ಬಾವಿಗಳ ಹೆಸರು ಹೇಳತೊಡಗಿದರು.

ಆ ತೋಟಗಳಲ್ಲಿ ಹಣ್ಣು ಕಿತ್ತವರು, ಹೋಳು ಮಾಡಿ ಒಣಗಿಸಿದವರು, ಡಬ್ಬಿಗೆ ತುಂಬಿದವರು ಚೀನೀಯರು, ಜಪಾನೀಯರು, ಇಟಾಲಿಯನ್ನರು, ಪೋರ್ಚುಗೀಸರು, ಫಿಲಿಪಿನೊಗಳು, ಮೆಕ್ಸಿಕನ್ನರು. ಅವರಲ್ಲಿ ಯುರೋಪಿನಿಂದ ಬಂದವರು ನೆಲ ಕೊಳ್ಳಬಹುದಿತ್ತು; ಏಷ್ಯಾದಿಂದ ಬಂದವರು ಕೊಳ್ಳುವಂತಿರಲಿಲ್ಲ. ಪೌರತ್ವಕ್ಕೆ ಅನರ್ಹರಾದ ಪರದೇಶಿಗಳು ಕೃಷಿ ಭೂಮಿ ಹೊಂದಬಾರದೆಂದು ಕ್ಯಾಲಿಫೋರ್ನಿಯಾ 1913ರಲ್ಲಿ ಕಾನೂನು ಮಾಡಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರರಾಗುವಂತಿಲ್ಲ ಎಂದಿತು. ಆತ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಸಮವಸ್ತ್ರ ತೊಟ್ಟಿದ್ದ ಮನುಷ್ಯ. ಆ ತೀರ್ಪಿನಿಂದ ಭೂಕಾಯ್ದೆಯ ಕುಣಿಕೆ ನಮ್ಮವರ ಕತ್ತಿಗೂ ಬಿತ್ತು. ಪಂಜಾಬಿನಿಂದ ಬಂದು ಇಲ್ಲಿ ಬೇಸಾಯಕ್ಕಿಳಿದವರು ಇಲ್ಲೇ ಹುಟ್ಟಿದ ಮಕ್ಕಳ ಹೆಸರಿನಲ್ಲಿ, ನಂಬಿಕಸ್ಥ ಬಿಳಿಯರ ಹೆಸರಿನಲ್ಲಿ ನೆಲ ಇಟ್ಟುಕೊಂಡು ಉತ್ತರು. ಅವರು ಗಟ್ಟಿಯಾಗಿ ಬೇರೂರಿದ ಊರುಗಳಲ್ಲೊಂದು ಯೂಬಾ ಸಿಟಿ. ಮೇರಿ ಮರ್ಫಿ ಹೆತ್ತ ಮಗುವಿಗೆ ಹೆಸರು ಕೊಟ್ಟ ಅದೇ ನದಿಯ ಊರು.

1942ರಲ್ಲಿ ಜಪಾನೀ ಮೂಲದ ಸುಮಾರು 1,20,000 ಜನರನ್ನು ಮನೆ ತೋಟ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಕಳಿಸಿದರು. ಈ ಕಣಿವೆಯವರಲ್ಲಿ ಬಹಳ ಮಂದಿ ಹೋದದ್ದು ವಯೋಮಿಂಗಿನ ಹಾರ್ಟ್ ಮೌಂಟನ್ ಶಿಬಿರಕ್ಕೆ. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ, ಅದೂ ವರ್ಷಕ್ಕೆ ನೂರು ಜನರ ಲೆಕ್ಕದಲ್ಲಿ ಒಳಬಿಡುವ ಕಾನೂನಿನೊಂದಿಗೆ. ಭೂಕಾಯ್ದೆ ಕೋರ್ಟಿನಲ್ಲಿ ಬಿದ್ದದ್ದು 1952ರಲ್ಲಿ. ನಮ್ಮಂಥವರು ದಂಡಿಯಾಗಿ ಬರಲು ಸಾಧ್ಯವಾದದ್ದು 1965ರ ವಲಸೆ ಕಾನೂನಿನಿಂದ. ಇವತ್ತು ನಾನು ಈ ಊರಿನಲ್ಲಿ ಒಂದು ಸಣ್ಣ ಮನೆಯನ್ನು ನನ್ನ ಹೆಸರಿಗೆ ಬರೆಸಿಕೊಂಡಿದ್ದರೆ, ಅದರ ಹಿಂದೆ ನೆಲ ತಮ್ಮ ಹೆಸರಿಗೆ ಬರದೆಯೇ ಉತ್ತು ಸತ್ತವರಿದ್ದಾರೆ. ಕ್ರಯಪತ್ರದ ದಿನ ಅದು ನನಗೆ ಹೊಳೆದಿರಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ತೋಟಗಳು ಬೇಗ ಹೋದವು. 1956ರಲ್ಲಿ ಲಾಕ್‌ಹೀಡ್ ಕಂಪನಿ ಕ್ಷಿಪಣಿ, ಉಪಗ್ರಹದ ಕೆಲಸಕ್ಕೆ ಸನ್ನಿವೇಲ್‌ಗೆ ಬಂತು. ಸಾವಿರಾರು ಎಂಜಿನಿಯರುಗಳಿಗೆ ಮನೆ ಬೇಕು. ಎಕರೆಗೆ ಹಣ್ಣು ಕೊಡುವ ಹಣಕ್ಕೂ ಮನೆ ಕಟ್ಟುವವನು ಕೊಡುವ ಹಣಕ್ಕೂ ಹೋಲಿಕೆಯೇ ಇರಲಿಲ್ಲ. 1971ರಲ್ಲಿ ಒಬ್ಬ ಪತ್ರಕರ್ತ ಸಿಲಿಕಾನ್ ವ್ಯಾಲಿ ಎಂಬ ಹೆಸರನ್ನು ಅಚ್ಚು ಹಾಕಿದ. ಹಳೆಯ ಹೆಸರು ಮರೆತೇಹೋಯಿತು.

ಈ ಭರಾಟೆಯಲ್ಲೇ ಮರ್ಫಿ ಮನೆಯೂ ಹೋಯಿತು. ಮಕ್ಕಳು ಮೊಮ್ಮಕ್ಕಳು 1950ರ ದಶಕದವರೆಗೂ ಅಲ್ಲಿ ಇದ್ದರು. ಆಮೇಲೆ ಜಾಗ ನಗರಸಭೆಗೆ ಬಂತು. ಮನೆಗೆ ರಾಜ್ಯದ ಚಾರಿತ್ರಿಕ ತಾಣದ ಗೌರವವೂ ಸಿಕ್ಕಿತು, 644ನೆಯ ಸಂಖ್ಯೆ. ಅದಾದ ಮೇಲೆ ಬೆಂಕಿ ಬಿದ್ದು ಮನೆ ಹಾಳಾಯಿತು. ದುರಸ್ತಿ ಮಾಡುವ ಬದಲು 1961ರಲ್ಲಿ ಕೆಡವಿಹಾಕಿದರು. ಕೇಪ್ ಹಾರ್ನ್ ಸುತ್ತಿ ಬಂದ, ಭೂಕಂಪ ತಡೆದ ಮನೆ ಉರುಳಿ ಪಾರ್ಕಿನ ಹುಲ್ಲು ಉಳಿಯಿತು. ಊರಿನ ಕೆಲವರಿಗೆ ಆ ನೋವು ಆರಲಿಲ್ಲ. ಅವರು ಹಟ ಹಿಡಿದು ಹಣ ಕೂಡಿಸಿ, 2008ರಲ್ಲಿ, ರೆಮಿಂಗ್ಟನ್ ರಸ್ತೆಯ ಸಮುದಾಯ ಕೇಂದ್ರದ ಪಕ್ಕ, ಹಳೆಯ ಮನೆಯ ರೂಪದಲ್ಲೇ ಒಂದು ಹೊಸ ಮನೆ ಕಟ್ಟಿ ಮ್ಯೂಸಿಯಂ ಮಾಡಿದರು. ಪಕ್ಕದಲ್ಲಿ ಹತ್ತು ಎಕರೆಯ ಏಪ್ರಿಕಾಟ್ ತೋಟವನ್ನು ನಗರವೇ ಉಳಿಸಿಕೊಂಡಿದೆ.

ಜೂನ್ ಕೊನೆಯ ಭಾನುವಾರ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಮ್ಯೂಸಿಯಂ ಒಳಗೆ ಅವರು ಹೆಚ್ಚು ಹೊತ್ತು ನಿಲ್ಲಲಿಲ್ಲ. ತೋಟದ ಅಂಚಿಗೆ ಬಂದು ಕುಕ್ಕರಗಾಲಲ್ಲಿ ಕೂತು ಮಣ್ಣು ಹಿಡಿದು ಪುಡಿ ಮಾಡಿ ನೋಡಿದರು. ಕೊಂಬೆ ಸವರಿದ ರೀತಿ ಸರಿಯಿದೆ ಎಂದರು. ಉದುರಿದ್ದ ಒಂದು ಹಣ್ಣನ್ನು ಮೂಸಿ, ಎತ್ತಿಕೊಳ್ಳಬಹುದೋ ಇಲ್ಲವೋ ಎಂದು ನನ್ನ ಮುಖ ನೋಡಿ, ಮತ್ತೆ ಅಲ್ಲೇ ಇಟ್ಟರು. ಹಿಂದಿನ ವಾರವಷ್ಟೇ ಊರಿನಿಂದ ತಮ್ಮ ಫೋನ್ ಮಾಡಿದ್ದ. ನಮ್ಮ ಗದ್ದೆಯ ಪಕ್ಕದವರು ಲೇಔಟಿನವರಿಗೆ ಬರೆದುಕೊಟ್ಟಿದ್ದಾರೆ, ನಮ್ಮದನ್ನೂ ಕೇಳುತ್ತಿದ್ದಾರೆ, ಅಪ್ಪ ಬಂದ ಮೇಲೆ ಮಾತಾಡೋಣ ಎಂದಿದ್ದ. ಆ ವಿಷಯ ಅಪ್ಪನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕಾರು ಹತ್ತುವಾಗ ಕೇಳಿದರು. "ಆ ಇನ್ನೊಬ್ಬ, ಕಾಡು ಜನರೋನು, ಅವನ ಹೊಲ ಎಲ್ಲಿತ್ತು ಅಂದೆ?"

ಕೊಲ್ಲಿಯ ಕಡೆ, ಹತ್ತು ನಿಮಿಷದ ದಾರಿ. ಪೊಸೋಲ್ಮಿ ಇದ್ದ ಕಡೆ ಈಗ ಮಾಫೆಟ್ ಫೀಲ್ಡ್ ವಿಮಾನ ನೆಲೆಯಿದೆ. 1930ರ ದಶಕದಲ್ಲಿ ಆಕಾಶನೌಕೆಗಾಗಿ ಕಟ್ಟಿದ ದೈತ್ಯಾಕಾರದ ಹ್ಯಾಂಗರ್ ದೂರದಿಂದಲೇ ಕಾಣುತ್ತದೆ. ಕೊಲ್ಲಿಯಂಚಿನ ಕಾಲುಹಾದಿಯಲ್ಲಿ ಕಾರು ನಿಲ್ಲಿಸಿ ಇಳಿದೆವು. ಗಾಳಿ ಜೋರಾಗಿತ್ತು. ಜೌಗಿನಲ್ಲಿ ಬಿಳಿ ಕೊಕ್ಕರೆಗಳು. ಅಪ್ಪ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡು ಬೇಲಿಯ ಆಚೆ ಬಹಳ ಹೊತ್ತು ನೋಡಿದರು.

"ಹೆಸರೇನಂದೆ?"

"ಇನೀಗೊ. ಲೋಪೆ ಇನೀಗೊ."

ಎರಡು ಸಲ ಬಾಯೊಳಗೆ ಹೇಳಿಕೊಂಡರು. ಮಾರನೆಯ ದಿನ ಬೆಳಿಗ್ಗೆ ಎಂದಿನಂತೆ ಮರ್ಫಿ ಪಾರ್ಕಿಗೆ ಹೋದರು. ಬೆಂಚಿನ ಮೇಲೆ ಕಾಯುತ್ತಿದ್ದ ಗುಂಟೂರಿನ ಗೆಳೆಯರಿಗೆ ತಮಗೆ ಬಂದಷ್ಟು ತೆಲುಗಿನಲ್ಲಿ ಈ ನೆಲ ಯಾರ್ಯಾರ ಕೈ ದಾಟಿ ಬಂತು ಎಂದು ಮೊದಲಿನಿಂದ ಹೇಳಿದರಂತೆ. ಹೇಳುವಾಗ ಮರ್ಫಿಯಿಂದ ಶುರು ಮಾಡಲಿಲ್ಲವಂತೆ.